ಕೇಳಿ, ಹೇಳುತ್ತೇನೆ: ಮೈಕ್ ಇಲ್ಲದ ಹಾಡು, ನೆಲದ ಮೇಲಿನ ಕರಿ ಗೆರೆ

ಹಿಂದಿನ ಸಂಚಿಕೆಯಲ್ಲಿ ನನ್ನ ಅಣ್ಣನ ಮಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಚಿಕ್ಕಮಗಳೂರಿನ ಹುಡುಗಿ. ನೆದರ್ಲೆಂಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಅಲ್ಲಿನ ವಿಶ್ವವಿದ್ಯಾಲಯದ ಕ್ವಾಯರ್‌ನಲ್ಲಿ (ಒಟ್ಟಾಗಿ ಹಾಡುವ ತಂಡ) ಹಾಡುತ್ತಾಳೆ. ಆ ತಂಡ ಕಳೆದ ಆಗಸ್ಟ್‌ನಲ್ಲಿ ಇಂಗ್ಲೆಂಡಿಗೆ ಹೋಗಿ, ಡರ್ಹಮ್ ಎಂಬ ಊರಿನ ಹಳೇ ಕ್ಯಾಥೆಡ್ರಲ್‌ನಲ್ಲಿ (ಬಿಷಪ್ಪರ ದೊಡ್ಡ ಚರ್ಚು) ನಾಲ್ಕು ಸಂಜೆ ಹಾಡಿತು. ನಾನಾಗ ನ್ಯೂಕ್ಯಾಸಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ರೈಲಿನಲ್ಲಿ ಕಾಲು ಗಂಟೆ ದಾರಿ. ಹೋಗಿ ಕೇಳಿ ಬಂದೆ. ಮೈಕ್ ಇಲ್ಲದೆ ಹಾಡಿದರು, ಕಟ್ಟಡ ಬೇಲೂರಿನ ದೇವಸ್ಥಾನಕ್ಕಿಂತ ನೂರು ವರ್ಷ ಹಳೆಯದು ಅಂತಲೂ ಸೇರಿಸಿದ್ದೆ. ಇಷ್ಟೇ ಬರೆದದ್ದು.

ಈ ಅಂಕಣಕ್ಕೆ ಬರುವುದು ಸಾಮಾನ್ಯವಾಗಿ ಗಂಟಲು ನೋವು, ಶ್ರುತಿಪೆಟ್ಟಿಗೆ ರಿಪೇರಿ, ಸಂಗೀತದ ಜೂನಿಯರ್ ಪರೀಕ್ಷೆಯ ಪ್ರಶ್ನೆಗಳು. ಈ ಸಲ ಹಾಸನದ ನಮ್ಮ ಮನೆಗೆ ಅಂಚೆಯವರು ತಂದು ಹಾಕಿದ್ದೆಲ್ಲ ಡರ್ಹಮ್! ಗಂಟಲು ನೋವಿನವರು ಒಂದು ತಿಂಗಳು ಉಪ್ಪುನೀರು ಮುಕ್ಕಳಿಸುತ್ತಿರಿ.

ಮೈಕ್ ಇಲ್ಲದೆ ಹಾಡಿದರು ಅಂತ ಬರೆದಿದ್ದೀರಿ. ಅಷ್ಟು ದೊಡ್ಡ ಕಟ್ಟಡದಲ್ಲಿ ಕೇಳಿಸಿತಾ? ನಮ್ಮೂರ ಕಲ್ಯಾಣ ಮಂಟಪದಲ್ಲಿ ನಾಲ್ಕು ಸ್ಪೀಕರ್ ಇಟ್ಟರೂ ಪದ ಗೊತ್ತಾಗಲ್ಲ.
(ಓದುಗರೊಬ್ಬರು, ಅರಸೀಕೆರೆ)

ಕಲ್ಯಾಣ ಮಂಟಪದ ಕಾಯಿಲೆಯೇ ಆ ನಾಲ್ಕು ಸ್ಪೀಕರ್. ಅದನ್ನು ಆಮೇಲೆ ಬೈಯೋಣ.

ಡರ್ಹಮ್ ಕ್ಯಾಥೆಡ್ರಲ್‌ನಲ್ಲಿ ನೆಲ ಕಲ್ಲು, ಕಂಬ ಕಲ್ಲು, ಎಪ್ಪತ್ತು ಅಡಿ ಎತ್ತರದ ಚಾವಣಿಯೂ ಕಲ್ಲು. ಕಲ್ಲು ಶಬ್ದವನ್ನು ಕುಡಿಯುವುದಿಲ್ಲ, ವಾಪಸು ಎಸೆಯುತ್ತದೆ. ಪರದೆ, ಸೋಫಾ, ಮನುಷ್ಯರ ಮೈ ಇವೆಲ್ಲ ಕುಡಿಯುತ್ತವೆ. ಹಾಗಾಗಿ ಅಲ್ಲಿ ಹಾಡಿ ನಿಲ್ಲಿಸಿದ ಮೇಲೂ ಹಾಡು ಇರುತ್ತದೆ. ನಾನು ಬೆರಳು ಮಡಚಿ ಎಣಿಸಿದೆ. ಕೊನೆಯ ಸ್ವರ ಬಿಟ್ಟ ಮೇಲೆ ಐದು ಎಣಿಸುವವರೆಗೂ ಅದು ಮೇಲೆಲ್ಲೋ ಓಡಾಡುತ್ತಿತ್ತು. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿದರೆ ಕೂಗು ಬಿಡಿಬಿಡಿಯಾಗಿ ತಿರುಗಿ ಬರುತ್ತದಲ್ಲ, ಇದು ಆ ಥರ ಬರುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು, ಊದುಬತ್ತಿ ಹೊಗೆಯ ಹಾಗೆ ಕರಗುತ್ತದೆ.

ಕೇಳುವವರಿಗೆ ಸುಖ, ಹಾಡುವವರಿಗೆ ಪೀಕಲಾಟ. ಮೊದಲ ದಿನದ ರಿಹರ್ಸಲ್ ಮುಗಿಸಿ ಹುಡುಗಿ ನನಗೆ ಕಳಿಸಿದ ಮೆಸೇಜ್ ಹೀಗಿತ್ತು: 'ಅತ್ತೆ, ಗಂಜಿ. ಬರೀ ಗಂಜಿ.' ತಮ್ಮೂರಿನ ಮರದ ನೆಲದ ಹಾಲ್‌ನಲ್ಲಿ ಕಲಿತ ವೇಗದಲ್ಲೇ ಇಲ್ಲೂ ಹಾಡಿದ್ದಾರೆ. ಹಿಂದಿನ ಸ್ವರ ಜಾಗ ಖಾಲಿ ಮಾಡುವ ಮೊದಲೇ ಮುಂದಿನದು ಬಂದು ಅದರ ತೊಡೆ ಮೇಲೆ ಕೂತಿದೆ. ಕಂಡಕ್ಟರ್ (ಬಸ್ಸಿನವರಲ್ಲ, ಕೈ ಆಡಿಸಿ ಹಾಡಿಸುವವರು) ಹಾಡು ನಿಲ್ಲಿಸಿ, ಒಂದೇ ಒಂದು 'ಆ' ಹಾಡಿಸಿದರಂತೆ. ಬಾಯಿ ಮುಚ್ಚಿಸಿ, ಅದು ಪೂರ್ತಿ ಹೋಗುವ ತನಕ ಎಲ್ಲರನ್ನೂ ಸುಮ್ನೆ ನಿಲ್ಲಿಸಿದರಂತೆ. ಹೀಗೆ ಹತ್ತು ಸಲ. ಆಮೇಲೆ ಹಾಡು ನಿಧಾನ ಮಾಡಿದರು. ಸಾಲಿನ ಕೊನೆಯ ವ್ಯಂಜನಗಳನ್ನು ಹಂಚಿದರು.

ಹಂಚುವುದು ಅಂದರೆ ಹೀಗೆ. ಮೂವತ್ತು ಜನ ಒಟ್ಟಿಗೆ 'ಸ್' ಅಂದರೆ ಅದು ಕುಕ್ಕರ್ ವಿಷಲ್. ಆದ್ದರಿಂದ ಇಬ್ಬರು ಮಾತ್ರ 'ಸ್' ಅನ್ನುತ್ತಾರೆ. ಉಳಿದವರು ಅದರ ಹಿಂದಿನ ಸ್ವರಾಕ್ಷರದಲ್ಲೇ ನಿಲ್ಲಿಸುತ್ತಾರೆ. ಕನ್ನಡದಲ್ಲಿ ಹಾಡಿದ್ದರೆ ಅಲ್ಲಿ 'ರಾಮ' ಚೆನ್ನಾಗಿ ಕೇಳಿಸುತ್ತಿದ್ದ, 'ಲಕ್ಷ್ಮಿ'ಗೆ ಸ್ವಲ್ಪ ಕಷ್ಟವಿತ್ತು. ಉಸಿರಿನ ಲೆಕ್ಕವೂ ಇದೇ. ಪಕ್ಕದವಳು ಉಸಿರು ತೆಗೆದುಕೊಂಡಾಗ ನೀವು ತೆಗೆದುಕೊಳ್ಳಬಾರದು. ಸರದಿಯಲ್ಲಿ ಕದಿಯಬೇಕು. ಆಗ ಅರ್ಧ ನಿಮಿಷದ ಸ್ವರವೂ ಎಲ್ಲೂ ತುಂಡಾಗುವುದಿಲ್ಲ.

ಇಂಥ ಕಡೆ ಜೋರು ಮಾಡಿದಷ್ಟೂ ಗೋಡೆಯೂ ಜೋರಾಗಿ ವಾಪಸು ಕೊಡುತ್ತದೆ, ಪದಗಳು ಇನ್ನೂ ಕಲಸಿಹೋಗುತ್ತವೆ. ನಿಮ್ಮ ಮಂಟಪದ್ದೂ ಅದೇ ಕಥೆ. ಗ್ರಾನೈಟ್ ನೆಲ, ಬೋಳು ಗೋಡೆ, ಅದರ ಮೇಲೆ ನಾಲ್ಕು ಸ್ಪೀಕರ್. ವಾಲ್ಯೂಮ್ ಅರ್ಧ ಮಾಡಿಸಿ ನೋಡಿ. ಸೌಂಡಿನವರು ಒಪ್ಪುವುದಿಲ್ಲ, ಗೊತ್ತು.

ಚಾವಣಿಯ ಬೆಲೆ ಗೊತ್ತಾಗಬೇಕಾದರೆ ನಮ್ಮ ಶೆಟ್ಟಿಹಳ್ಳಿಗೆ ಹೋಗಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್, ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ. ಕಮಾನುಗಳು ನಿಂತಿವೆ, ಮಾಡು ಇಲ್ಲ. ಒಂದು ಬೇಸಿಗೆಯಲ್ಲಿ ಅದರೊಳಗೆ ನಿಂತು ಮೇಲಿನ ಷಡ್ಜ (ಸ) ಹಿಡಿದೆ. ಹಾಗೇ ಆಕಾಶಕ್ಕೆ ಹಾರಿಹೋಯಿತು. ಒಂದು ಆಡು ಮಾತ್ರ ತಿರುಗಿ ನೋಡಿತು.

ಡರ್ಹಮ್ ನಮ್ಮ ದೇವಸ್ಥಾನಕ್ಕಿಂತ ನೂರು ವರ್ಷ ಹಳೆಯದು ಎಂದು ಬರೆದಿದ್ದೀರಿ. ಇದು ಯಾವ ಲೆಕ್ಕ?
(ನಿವೃತ್ತ ಮೇಷ್ಟ್ರು, ಬೇಲೂರು)

ತಪ್ಪು ಲೆಕ್ಕ ಮೇಷ್ಟ್ರೇ, ನನ್ನದೇ. ಡರ್ಹಮ್‌ಗೆ ಅಡಿಗಲ್ಲು ಬಿದ್ದದ್ದು 1093ರಲ್ಲಿ. ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಇಪ್ಪತ್ನಾಲ್ಕೇ ವರ್ಷ. ಡರ್ಹಮ್‌ನ ಉದ್ದನೆಯ ಹಜಾರದ ಕೆಲಸ ಮುಗಿದದ್ದು 1133ರಲ್ಲಿ. ಅಂದರೆ ಬೇಲೂರಿನಲ್ಲಿ ಬಳಪದ ಕಲ್ಲಿಗೆ ಉಳಿ ಇಡುತ್ತಿದ್ದ ಹೊತ್ತಿನಲ್ಲೇ ಅಲ್ಲಿ ಮರಳುಗಲ್ಲು ಮೇಲೇರುತ್ತಿತ್ತು. ಈ ಜೋಡಿ ನೆನಪಾದಾಗಿನಿಂದ ನನಗೊಂಥರಾ ಖುಷಿ.

ಒಳಗೆ ಕಾಲಿಟ್ಟ ತಕ್ಷಣ ನಾನು ನೋಡಿದ್ದು ಕಂಬಗಳನ್ನೇ. ಹಾಸನದವರ ಕಣ್ಣು ಹೋಗುವುದೇ ಅಲ್ಲಿಗೆ, ಅಲ್ವಾ? ಸುತ್ತಳತೆ 6.6 ಮೀಟರ್, ಎತ್ತರವೂ 6.6 ಮೀಟರ್. ಕಂಬ ಅನ್ನುವುದಕ್ಕಿಂತ ಕಣಜ ಅನ್ನಬಹುದು. ಒಂದರ ಮೈಮೇಲೆ ಅಂಕುಡೊಂಕು ಗೆರೆ, ಇನ್ನೊಂದರ ಮೇಲೆ ಶಂಕರಪೋಳಿ ಕತ್ತರಿಸಿದ ಹಾಗೆ ಓರೆ ಚೌಕ, ಮತ್ತೊಂದರ ಮೇಲೆ ಉದ್ದುದ್ದ ಗೀರು. ನಮ್ಮ ದೇವಸ್ಥಾನದ ನವರಂಗದ ಕಂಬಗಳು ಕಡೆದು ಮಿರುಗುತ್ತವೆ. ಇವು ಒರಟು. ಶಬ್ದದಲ್ಲೂ ವ್ಯತ್ಯಾಸ ಇದೆ. ನವರಂಗದ ಚಾವಣಿ ತಗ್ಗು, ಮೈತುಂಬ ಕೆತ್ತನೆ. ಶಬ್ದ ಚೂರುಚೂರಾಗಿ ಚೆದುರಿ ಬೇಗ ನಿಲ್ಲುತ್ತದೆ. ಒಬ್ಬರು ಕೂತು ಸ್ವರ ತೂಗಿಸಿ ಹಾಡುವ ಗಮಕಕ್ಕೆ ಅದು ಹೇಳಿ ಮಾಡಿಸಿದ ಜಾಗ. ಡರ್ಹಮ್‌ನಲ್ಲಿ ಕಾಂಭೋಜಿ ರಾಗದ ಆಲಾಪನೆ ಮಾಡಿದರೆ ಮತ್ತೆ ಗಂಜಿಯೇ.

ನೀವು ಕೇಳದ ಇನ್ನೊಂದು ವಿಷಯ ಹೇಳುತ್ತೇನೆ. ಹಜಾರದ ಪಶ್ಚಿಮದ ತುದಿಯ ಹತ್ತಿರ, ನೆಲದಲ್ಲಿ ಅಡ್ಡಲಾಗಿ ಒಂದು ಕರಿ ಕಲ್ಲಿನ ಪಟ್ಟಿ ಇದೆ. ಒಂದು ಗೇಣು ಇರಬಹುದು. ಗೊತ್ತಿಲ್ಲದಿದ್ದರೆ ನೋಡದೆ ದಾಟಿ ಹೋಗುತ್ತೀರಿ. 1539ರವರೆಗೆ ಈ ಕ್ಯಾಥೆಡ್ರಲ್ ಬೆನೆಡಿಕ್ಟೀನ್ ಸನ್ಯಾಸಿಗಳ ಮಠ. ಹೆಂಗಸರು ಆ ಗೆರೆಯವರೆಗೆ ಬರಬಹುದಿತ್ತು, ದಾಟುವ ಹಾಗಿರಲಿಲ್ಲ. ಅಲ್ಲಿ ಸಮಾಧಿಯಾಗಿರುವ ಸಂತ ಕತ್‌ಬರ್ಟ್‌ಗೆ ಹೆಂಗಸರು ಬಂದರೆ ಆಗುತ್ತಿರಲಿಲ್ಲ ಅಂತ ಪ್ರತೀತಿ. ಪಾಪ, ಆತ ತೀರಿಕೊಂಡದ್ದು 687ರಲ್ಲಿ, ಕೇಳಿ ತಿಳಿದುಕೊಳ್ಳಲು ಯಾರೂ ಉಳಿದಿರಲಿಲ್ಲ. ಆಮೇಲೆ ಮಠ ಹೋಯಿತು, ನಿಯಮವೂ ಹೋಯಿತು. ಆದರೂ ಅಲ್ಲಿನ ಮಕ್ಕಳ ಕ್ವಾಯರ್‌ಗೆ ಹುಡುಗಿಯರು ಸೇರಿದ್ದು 2009ರಲ್ಲಿ ಮಾತ್ರ.

ನಾನು ಒಂದು ಕಾಲು ಗೆರೆಯ ಆಚೆ, ಒಂದು ಕಾಲು ಈಚೆ ಇಟ್ಟುಕೊಂಡು ನಿಂತೆ. ಸೀರೆಯ ನೆರಿಗೆ ಆ ಕರಿ ಪಟ್ಟಿಯ ಮೇಲೆ ಬಿದ್ದಿತ್ತು. ಹುಡುಗಿ ಫೋನ್ ನೋಡುತ್ತಾ ಅದನ್ನು ದಾಟಿ ಆಗಲೇ ಹತ್ತು ಹೆಜ್ಜೆ ಮುಂದಿದ್ದಳು. 'ಅತ್ತೆ, ಬನ್ನಿ, ನಂಗೆ ಲೇಟಾಯ್ತು.'

ಮಗಳು ಸೀನಿಯರ್ ಪರೀಕ್ಷೆ ಪಾಸಾಗಿದ್ದಾಳೆ. ಮುಂದಿನ ವರ್ಷ ಓದಲು ಜರ್ಮನಿಗೆ ಹೋಗುತ್ತಾಳೆ. ಪಾಶ್ಚಾತ್ಯ ಸಂಗೀತದ ಗಂಧವಿಲ್ಲ. ಕ್ವಾಯರ್‌ಗೆ ತೆಗೆದುಕೊಳ್ಳುತ್ತಾರಾ? ಅಲ್ಲಿ ಸೇರಿದರೆ ಇಲ್ಲಿ ಕಲಿತದ್ದು ಕೆಡುತ್ತದಾ?
(ಒಬ್ಬ ತಾಯಿ, ಮೂಡಿಗೆರೆ)

ಧೈರ್ಯವಾಗಿ ಕಳಿಸಿ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಎರಡು ಥರದ ಕ್ವಾಯರ್ ಇರುತ್ತವೆ. ಒಂದಕ್ಕೆ ಯಾರು ಬೇಕಾದರೂ ಸೇರಬಹುದು. ಇನ್ನೊಂದಕ್ಕೆ ಆಡಿಷನ್. ಅದರಲ್ಲಿ ಸ್ವರಗಳ ಏರಿಳಿತ ಹಾಡಿಸುತ್ತಾರೆ, ಪಿಯಾನೋದಲ್ಲಿ ನುಡಿಸಿದ್ದನ್ನು ಹಾಡಿ ತೋರಿಸು ಅನ್ನುತ್ತಾರೆ, ನೋಡದ ಹಾಳೆ ಕೊಟ್ಟು ನೋಡಿಕೊಂಡೇ ಹಾಡು ಅನ್ನುತ್ತಾರೆ. ಮೊದಲ ಎರಡನ್ನು ನಿಮ್ಮ ಮಗಳು ಪಾತ್ರೆ ತೊಳೆಯುತ್ತಾ ಮಾಡಬಲ್ಲಳು. ಮೂರನೆಯದಕ್ಕೆ ಐದು ಗೆರೆಯ ಸ್ಟಾಫ್ ನೊಟೇಷನ್ ಓದಲು ಬರಬೇಕು. ಮೂರು ತಿಂಗಳು ದಿನಾ ಅರ್ಧ ಗಂಟೆ ಕೂತರೆ ಸಾಕು. ಶಂಕರಾಭರಣ ರಾಗದ ಸ್ವರಸ್ಥಾನಗಳೇ ಅವರ ಮೇಜರ್ ಸ್ಕೇಲ್, ಕೀರವಾಣಿಯವೇ ಹಾರ್ಮೋನಿಕ್ ಮೈನರ್. ಹೊಸದು ಬರೀ ಲಿಪಿ.

ಕಷ್ಟ ಬರುವುದು ಗಮಕದಲ್ಲಿ. ನಮ್ಮ ಹುಡುಗಿಗೆ ಮೊದಲ ತಿಂಗಳೇ ಆಯಿತು. ಉದ್ದನೆಯ ಒಂದು ರಿಷಭ (ರಿ) ಹಿಡಿಯಬೇಕಿತ್ತು. ಅವಳಿಗೇ ಗೊತ್ತಿಲ್ಲದೆ ಅದು ತೂಗಿತು. ಕಂಡಕ್ಟರ್ ಕೈ ನಿಲ್ಲಿಸಿ, 'ಆಲ್ಟೋದಲ್ಲಿ ಯಾರೋ ಅಲ್ಲಾಡುತ್ತಿದ್ದಾರೆ' ಅಂದರು. (ಆಲ್ಟೋ ಅಂದರೆ ಹೆಂಗಸರ ತಗ್ಗಿನ ಧಾಟಿ.) ಎಲ್ಲರೂ ಕಾಲು ನೋಡಿಕೊಂಡರು. ಇವಳು ಕೈ ಎತ್ತಿದಳು. ಸ್ವರವನ್ನು ಇಸ್ತ್ರಿ ಹಾಕಿದ ಹಾಗೆ ಹಾಡಲು ಎರಡು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ರಾತ್ರಿ ನನ್ನ ಅಣ್ಣನಿಗೆ ಫೋನ್ ಮಾಡಿ ತೋಡಿ ರಾಗ ಹಾಡುತ್ತಿದ್ದಳಂತೆ. ಊಟ ಬಿಟ್ಟವರು ಉಪ್ಪಿನಕಾಯಿ ನೆಕ್ಕಿದ ಹಾಗೆ!

ಕಲಿತದ್ದು ಕೆಡುವುದಿಲ್ಲ. ರಜೆಗೆ ಬಂದಾಗ ಅವಳ ತೋಡಿ ಕೇಳಿದೆ, ನೆಟ್ಟಗಿದೆ. ಕಿವಿ ಮಾತ್ರ ಬದಲಾಗಿದೆ. ನಮ್ಮಲ್ಲಿ ಹತ್ತು ಜನ ಕೂತರೂ ಧಾಟಿ ಒಂದೇ. ಅಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ಮೇಲಿನಿಂದ ಕೆಳಕ್ಕೆ ನಾಲ್ಕು ಧಾಟಿ ಒಟ್ಟಿಗೆ ಹೋಗುತ್ತವೆ. ಬಲಗಿವಿಯಲ್ಲಿ ಬೇರೊಂದು ಹಾಡು ಬೀಳುತ್ತಿರುವಾಗ ನಿಮ್ಮದನ್ನು ಬಿಡದೆ ಹಿಡಿಯಬೇಕು. ಆಲ್ಟೊದವರಿಗೆ ಮುಖ್ಯ ಧಾಟಿ ಸಿಗುವುದೇ ಅಪರೂಪ. ಮದುವೆ ಮನೆಯಲ್ಲಿ ಬಡಿಸುವವರ ಹಾಗೆ. ಫೋಟೋದಲ್ಲಿ ಇರುವುದಿಲ್ಲ, ಅವರಿಲ್ಲದೆ ಊಟವೂ ಇಲ್ಲ.

ಮಗಳಿಗೆ ಒಂದು ವಿಷಯ ಮೊದಲೇ ಹೇಳಿ ಕಳಿಸಿ. ಹಿಂದೆ ತಂಬೂರಿ ಇರುವುದಿಲ್ಲ. ವಾದ್ಯವಿಲ್ಲದೆ ಹಾಡುವಾಗ ಇಡೀ ತಂಡವೇ ಮೆಲ್ಲಗೆ ಶ್ರುತಿ ಇಳಿಯುವುದುಂಟು. ಶ್ರುತಿ ಗಟ್ಟಿಯಾಗಿರುವ ನಮ್ಮ ಮಕ್ಕಳಿಗೆ ಆಗ ಹಲ್ಲು ಜುಮ್ಮೆನ್ನುತ್ತದೆ. ಒಬ್ಬಳೇ ಮೇಲೆ ನಿಂತುಕೊಂಡರೆ ಅಪಸ್ವರ ಅವಳದ್ದೇ ಆಗುತ್ತದೆ.

ನಮ್ಮ ಮನೆತನದ ಹುಡುಗಿಯರು ಚರ್ಚಿನ ಪೂಜೆಯಲ್ಲಿ ಹಾಡುವುದು ಸರಿಯೇ? ದಯವಿಟ್ಟು ನುಣುಚಿಕೊಳ್ಳದೆ ಉತ್ತರಿಸಿ.
(ಹಿರಿಯರೊಬ್ಬರು, ಹೊಳೆನರಸೀಪುರ)

ಸರಿ. ನುಣುಚಿಕೊಂಡಿಲ್ಲ.

ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ರಾಜಗೀತೆಯ ಧಾಟಿಗೆ ಸಂಸ್ಕೃತದಲ್ಲಿ ದೇವರ ಹಾಡು ಕಟ್ಟಿದವರು. ಪಿಟೀಲು ಬಂದದ್ದೂ ಯುರೋಪಿನಿಂದಲೇ. ದೇವರ ಮೇಲೆ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ನಮ್ಮ ಜಯಚಾಮರಾಜ ಒಡೆಯರ್ ಇದ್ದಾರಲ್ಲ, ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಸಿದ್ದು ಅವರ ಹಣದ ಬೆಂಬಲದಿಂದ.

ಡರ್ಹಮ್‌ನಲ್ಲಿ ನಮ್ಮ ಹುಡುಗಿಯ ತಂಡ ಹಾಡಿದ್ದು ಸಂಜೆಯ ಪ್ರಾರ್ಥನೆಯಲ್ಲಿ. ಈವನ್‌ಸಾಂಗ್ ಅನ್ನುತ್ತಾರೆ. ಮುಕ್ಕಾಲು ಗಂಟೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು. ತಂಡ ಎರಡು ಪಾಲಾಗಿ ಎದುರುಬದುರು ನಿಲ್ಲುತ್ತದೆ. ಈ ಕಡೆಯವರು ಒಂದು ಸಾಲು, ಆ ಕಡೆಯವರು ಒಂದು ಸಾಲು. ನನಗೆ ನಮ್ಮಜ್ಜಿಯ ಸೋಬಾನೆ ಪದ ನೆನಪಾಯಿತು. ಹೀಗೆ ಸಾಲು ಹಂಚಿ ಹಾಡುವ ಬೈಬಲಿನ ಹಾಡುಗಳಿಗೆ ಕನ್ನಡದಲ್ಲಿ ಇರುವ ಹೆಸರೂ ಕೀರ್ತನೆ ಅಂತಲೇ. ಅವು ಒಟ್ಟು 150. ಸ್ವೇಲಿಂಕ್ ಎಂಬ ನಾನೂರು ವರ್ಷದ ಹಿಂದಿನ ಡಚ್ಚರು ಅಷ್ಟಕ್ಕೂ ಹಲವು ಧಾಟಿಯ ಸಂಗೀತ ಕೂರಿಸಿದ್ದಾರೆ. ತಮ್ಮೂರಿನವರು ಅಂತ ತಂಡದವರು ಒಂದು ದಿನ ಅದರಲ್ಲೊಂದು ಹಾಡಿದರು.

ಅಲ್ಲಿ ಆಚಾರ ತಪ್ಪಿದ್ದು ಹುಡುಗಿಯಲ್ಲ, ನಾನು. ಕೊನೆಯ ಸ್ವರ ಕರಗುತ್ತಿದ್ದಾಗ ಬಾಯಿಂದ 'ಭಲೇ' ಅಂತ ಬಂದುಬಿಟ್ಟಿತು. ಪ್ರಾರ್ಥನೆಯಲ್ಲಿ ಚಪ್ಪಾಳೆಯೂ ಇಲ್ಲ, ಭಲೇಯೂ ಇಲ್ಲ. ಕಲ್ಲು ಅದನ್ನೂ ಐದು ಎಣಿಸುವವರೆಗೆ ಇಟ್ಟುಕೊಂಡಿತ್ತು.

ಖರ್ಚು ಯಾರದ್ದು? ಇಂಥ ಕಟ್ಟಡದಲ್ಲಿ ಹಾಡಲು ಅವಕಾಶ ಹೇಗೆ ಸಿಗುತ್ತದೆ?
(ಕಾಲೇಜು ವಿದ್ಯಾರ್ಥಿನಿ, ಕಡೂರು)

ಅವಕಾಶ ಸಿಗುವುದು ಬೇಸಿಗೆ ರಜೆಯಿಂದ. ಕ್ಯಾಥೆಡ್ರಲ್‌ನ ಸ್ವಂತ ಕ್ವಾಯರ್‌ನಲ್ಲಿ ಶಾಲೆ ಮಕ್ಕಳಿರುತ್ತಾರೆ. ಆಗಸ್ಟ್‌ನಲ್ಲಿ ಅವರು ಮನೆಗೆ ಹೋದಾಗ ಹೊರಗಿನ ತಂಡಗಳು ಬಂದು ಹಾಡುತ್ತವೆ. ತುಂಬಾ ಮುಂಚೆಯೇ ಬರೆದು, ಹಾಡಿದ ರೆಕಾರ್ಡಿಂಗ್ ಕಳಿಸಬೇಕು. ನಮ್ಮವರಿಗೆ ಸಂಭಾವನೆ ಇರಲಿಲ್ಲ. ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಬಂದರಿನಿಂದ ನ್ಯೂಕ್ಯಾಸಲ್‌ಗೆ ರಾತ್ರಿ ಹಡಗು. ಹುಡುಗಿ ರಾತ್ರಿಯಿಡೀ ವಾಂತಿ. ತಂಗಿದ್ದು ಹಾಸ್ಟೆಲಿನಲ್ಲಿ. ಖರ್ಚಿಗೆ ತಂಡದವರು ಕ್ಯಾಂಪಸ್ಸಿನಲ್ಲಿ ದೋಸೆಯಂಥ ಸಿಹಿ ಬಿಸ್ಕತ್ತು ಮಾರಿದರು. ಇವಳು ನನ್ನ ಅಣ್ಣ ಕಳಿಸಿದ ಪೀಬರಿ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ಫಿಲ್ಟರ್ ಕಾಫಿ ಮಾರಿದಳು. ಲೋಟ ಸಾಲಲಿಲ್ಲವಂತೆ.

ವೀಸಾ ಮಾತ್ರ ಮರೆಯಬೇಡ. ಜೊತೆಯವರದ್ದೆಲ್ಲ ಯುರೋಪಿನ ಪಾಸ್‌ಪೋರ್ಟ್, ಇವಳದ್ದು ನಮ್ಮದು. ಇಂಗ್ಲೆಂಡಿಗೆ ಬೇರೆ ವೀಸಾ, ಬೆರಳಚ್ಚು, ಪಾಸ್‌ಪೋರ್ಟ್ ಅವರ ಕೈಲಿ ಇಟ್ಟು ಕಾಯುವುದು. ಹಡಗು ಹೊರಡಲು ಎರಡು ದಿನ ಇರುವಾಗ ವಾಪಸು ಬಂತು. ತಂಡದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅಲ್ಲಿಯವರೆಗೂ ಪೆನ್ಸಿಲಿನ ಪ್ರಶ್ನೆಚಿಹ್ನೆ ಇತ್ತಂತೆ. ತಾರೀಖು ಗೊತ್ತಾದ ದಿನವೇ ಅರ್ಜಿ ಹಾಕು.

ನಮ್ಮ ಕಾಲೇಜಿನಲ್ಲೂ ಇಂಥದ್ದು ಶುರು ಮಾಡಬೇಕು. ಎಲ್ಲಿಂದ ಹಿಡಿಯಲಿ? ಹಳೇಬೀಡಿನಲ್ಲಿ ಹಾಡಿಸಬಹುದಾ?
(ಉಪನ್ಯಾಸಕರು, ಹಾಸನ)

ಮೊದಲ ವರ್ಷ ಹಳೇಬೀಡು ಮರೆತುಬಿಡಿ. ಪುರಾತತ್ವ ಇಲಾಖೆಯ ಅನುಮತಿಗೆ ಅಲೆಯುವುದರಲ್ಲೇ ಮಕ್ಕಳ ಸೆಮಿಸ್ಟರ್ ಮುಗಿಯುತ್ತದೆ.

ಹನ್ನೆರಡು ಜನ ಸಾಕು. ಸರಳೆ ವರಸೆಯನ್ನು (ಮೊದಲ ಪಾಠದ ಸ ರಿ ಗ ಮ) ಮಾಯಾಮಾಳವಗೌಳ ರಾಗದಲ್ಲಿ ಬೇಡ, ಶಂಕರಾಭರಣದಲ್ಲಿ ಹಾಡಿಸಿ. ಒಂದು ಗುಂಪು ಸ, ರಿ ಮುಗಿಸಿ ಗಾಂಧಾರಕ್ಕೆ ಬಂದಾಗ ಇನ್ನೊಂದು ಗುಂಪು ಷಡ್ಜದಿಂದ ಹೊರಡಲಿ. ಸ ಮೇಲೆ ಗ, ರಿ ಮೇಲೆ ಮ, ಹೀಗೆ ಜೋಡಿ ಜೋಡಿ ಏಳುತ್ತವೆ. ನಾನು ಕಾಲೇಜಿನಲ್ಲಿ ಮೊದಲ ಸಲ ಮಾಡಿಸಿದಾಗ ಮಕ್ಕಳು ಹಾಡುವುದನ್ನೇ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಮೇಲಿನ ಷಡ್ಜದ ಹತ್ತಿರ ಒಂದು ಗುಂಪು ಇಳಿಯಲು ತಿರುಗುವಾಗ ನಿ, ಸ ಒಟ್ಟಿಗೆ ಬಿದ್ದು ಕಚ್ಚುತ್ತವೆ. ನಗುತ್ತಾರೆ. ಕಚ್ಚಲಿ ಬಿಡಿ. ಕಚ್ಚಿದ್ದು ಬಿಡುವಾಗಿನ ಹಿತ ಗೊತ್ತಾಗುವುದೇ ಆಗ. ರಾಗಗಳಿಗೆ ಸಿಕ್ಕಸಿಕ್ಕ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹಚ್ಚಲು ಮಾತ್ರ ಹೋಗಬೇಡಿ. ಮೋಹನ ಹೇಗೋ ತಾಳಿಕೊಳ್ಳುತ್ತದೆ, ತೋಡಿ ಸತ್ತೇಹೋಗುತ್ತದೆ.

ಅಭ್ಯಾಸಕ್ಕೆ ಆಡಿಟೋರಿಯಂ ಬೇಡ, ಅದರ ಚಾವಣಿ ಎಲ್ಲವನ್ನೂ ನುಂಗುತ್ತದೆ. ಕಾಲೇಜಿನ ಹಳೇ ಮೆಟ್ಟಿಲ ಕೋಣೆ ಹುಡುಕಿ. ನಾವು ಎರಡನೇ ಮಹಡಿಯ ತಿರುವಿನಲ್ಲಿ ನಿಲ್ಲುತ್ತಿದ್ದೆವು. ಅಟೆಂಡರ್ ಬಕೆಟ್ ಇಟ್ಟುಕೊಂಡು ಕೆಳಗೆ ಕಾಯುತ್ತಿದ್ದರು. ಆಮೇಲೆ ಒಂದು ಭಾನುವಾರ ಎಲ್ಲರನ್ನೂ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಕರೆದುಕೊಂಡು ಹೋಗಿ. ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು, ಕಾವೇರಿ ದಡ, ತಂಬೂರಿಯ ಆಕಾರದಲ್ಲೇ ಕಟ್ಟಿದ ಗುಡಿ ಇದೆ. ಬುತ್ತಿ ಕಟ್ಟಿಕೊಂಡು ಹೋಗಿ. ಹಾಡಿಸಬೇಡಿ, ಒಂದು ಗಂಟೆ ಬರೀ ತಂಬೂರಿ ಕೇಳಿಸಿ.

ನನಗೆ 13 ವರ್ಷ. ಧ್ವನಿ ಒಡೆದಿದೆ. ಪ್ರತಿಭಾ ಕಾರಂಜಿಯಲ್ಲಿ ಎಲ್ಲರೂ ನಕ್ಕರು. ಹಾಡುವುದನ್ನು ಬಿಡಬೇಕಾ?
(ಒಬ್ಬ ಹುಡುಗ, ಕೊಪ್ಪ)

ಬಿಡಬೇಡ ಮರಿ. ಡರ್ಹಮ್‌ನಂಥ ಕಡೆ ಎಂಟು ವರ್ಷಕ್ಕೇ ಸೇರಿ ದಿನಾ ಹಾಡುವ ಹುಡುಗರಿಗೂ ನಿನ್ನ ವಯಸ್ಸಿಗೆ ಇದೇ ಆಗುತ್ತದೆ. ಮೇಲಿನ ಧಾಟಿ ಬಿಟ್ಟು ಹೋಗುತ್ತಾರೆ. ಅವರಲ್ಲಿ ಎಷ್ಟೋ ಜನ ಆಮೇಲೆ ಟೆನರ್ ಆಗಿಯೋ ಬಾಸ್ ಆಗಿಯೋ ವಾಪಸು ಬರುತ್ತಾರೆ. ಗಂಟಲಿನೊಳಗಿನ ತಂತಿ ಉದ್ದ, ದಪ್ಪ ಆಗುತ್ತಿದೆ, ಅಷ್ಟೇ. ಹೊಸ ತಂತಿ ಹಾಕಿದ ವೀಣೆ ಒಂದು ವಾರ ಶ್ರುತಿ ನಿಲ್ಲುವುದಿಲ್ಲ, ನೋಡಿದ್ದೀಯಾ? ನಿನ್ನದಕ್ಕೆ ಇನ್ನೂ ಜಾಸ್ತಿ ದಿನ ಬೇಕು. ಅಲ್ಲಿಯವರೆಗೆ ಕಷ್ಟಪಡದೆ ಬರುವ ಐದಾರು ಸ್ವರಗಳಲ್ಲೇ ಮೆಲ್ಲಗೆ ಹಾಡು. ತಾರ ಷಡ್ಜಕ್ಕೆ ಕೈ ಹಾಕಬೇಡ. ಕಬಡ್ಡಿ ನೋಡಲು ಹೋದಾಗ ಕಿರುಚಬೇಡ. ಆರು ತಿಂಗಳು ಬಿಟ್ಟು ಶ್ರುತಿಪೆಟ್ಟಿಗೆ ಹಾಕಿಕೊಂಡು ಕೆಳಗೆ ಎಲ್ಲಿಯವರೆಗೆ ಇಳಿಯುತ್ತೀಯ ನೋಡು. ಯಾವ ಸ್ವರ ಸಿಕ್ಕಿತು ಅಂತ ನನಗೊಂದು ಕಾರ್ಡ್ ಬರೆ.